ಹೊಸೂರಿಗೆ ಬಿಲ್ ಬರೆಯುವ ಮೊದಲು

ನೋಡಪ್ಪ, ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್‌ನಲ್ಲಿ ಎರಡು ಲೇತ್ ಹಾಕಿಕೊಂಡೆ, ಹೊಸೂರಿನಿಂದ ಬುಷ್ ಆರ್ಡರೂ ಬಂತು. ಸಂತೋಷ. ಆದರೆ ಮೊನ್ನೆ ನೀನಂದ ಮಾತು ಮನಸ್ಸಿಗೆ ಕೂರಲಿಲ್ಲ: ‘ದೇಶದೊಳಗೆ ವ್ಯಾಪಾರ ಮುಕ್ತ ಅಂತ ಸಂವಿಧಾನವೇ ಹೇಳತ್ತೆ ದೊಡ್ಡಪ್ಪ, ಮತ್ತೆ ಈ ತೆರಿಗೆ, ನೋಂದಣಿ ಯಾಕೆ?’

301ನೇ ವಿಧಿ ಹಾಗೆ ಹೇಳುವುದು ನಿಜ. ಅದರ ಬೆನ್ನಿಗೇ 304 ಇದೆ, ಅದನ್ನೂ ಓದು. ನಿನ್ನ ಬುಷ್‌ಗೆ, ಹೊಸೂರಿನಲ್ಲೇ ತಯಾರಾದ ಬುಷ್‌ಗಿಂತ ಹೆಚ್ಚು ತೆರಿಗೆ ಹಾಕುವ ಹಕ್ಕು ತಮಿಳುನಾಡಿಗಿಲ್ಲ. ಮಲತಾಯಿ ಧೋರಣೆ ಕೂಡದು, ಅಷ್ಟೇ. 2016ರ ನವೆಂಬರ್ 11ರಂದು ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 7–2ರ ಬಹುಮತದಿಂದ ಹೇಳಿದ್ದೂ ಇದನ್ನೇ: ತೆರಿಗೆ ಹಾಕಿದ ಮಾತ್ರಕ್ಕೆ ಸ್ವಾತಂತ್ರ್ಯ ಹೋಗದು, ತಾರತಮ್ಯ ಮಾಡಿದರೆ ಹೋಗುತ್ತದೆ.

ನೀನು ದಿನಾ ಸುಂಕದಕಟ್ಟೆ ದಾಟಿ ಮಾಗಡಿ ರಸ್ತೆಯಲ್ಲಿ ಬರುತ್ತೀಯಲ್ಲ, ಹೆಸರಲ್ಲೇ ಸುಂಕ ಇದೆ ನೋಡು. ಊರೊಳಗೆ ಸರಕು ತಂದರೆ ಆಕ್ಟ್ರಾಯ್ ಕಟ್ಟುತ್ತಿದ್ದ ಕಾಲ ನಾನು ಕಂಡಿದ್ದೇನೆ. 1979ರಲ್ಲಿ ಅದನ್ನು ತೆಗೆದು ಪ್ರವೇಶ ತೆರಿಗೆ ತಂದರು. ಗಡಿಯ ಚೆಕ್‌ಪೋಸ್ಟ್ ಕಾಟ ಬೇರೆ. ಕಾಗದದಲ್ಲಿ ಒಂದು ಸಹಿ ಇಲ್ಲವೆಂದು ನನ್ನ ಟೆಂಪೋ ರಾತ್ರಿಯಿಡೀ ನಿಂತಿತ್ತು. ಡ್ರೈವರ್ ಹುಡುಗ ಚಕ್ರದ ಪಕ್ಕ ಗೋಣಿಚೀಲ ಹಾಸಿ ಮಲಗಿದ್ದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು! 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಪ್ರವೇಶ ತೆರಿಗೆಯೂ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳೂ ಹೋದವು. ಈಗ ಸುಂಕದ ಕಟ್ಟೆ ಇರುವುದು ನಿನ್ನ ಬಿಲ್ಲಿನಲ್ಲಿ.

ಅಲ್ಲೇ ಎಡವುವುದು. 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ ಅನ್ನುವುದು ರಾಜ್ಯದೊಳಗೆ ಸರಕು ಮಾರುವವರಿಗೆ. ನಿನ್ನಂತೆ ಮಾಲು ಮಾಡಿ ಗಡಿಯಾಚೆ ಮಾರುವವನಿಗೆ ಮೊದಲ ಬಿಲ್ಲಿಗೇ ನೋಂದಣಿ ಬೇಕು. ತೆರಿಗೆ ಶೇ 18 ಅಂದುಕೋ. ಇಲ್ಲೇ ಪೀಣ್ಯಕ್ಕೆ ಕೊಟ್ಟರೆ ಕೇಂದ್ರದ 9 ಸಿಜಿಎಸ್‌ಟಿ, ರಾಜ್ಯದ 9 ಎಸ್‌ಜಿಎಸ್‌ಟಿ. ಹೊಸೂರಿಗಾದರೆ ಪೂರ್ತಿ 18 ಐಜಿಎಸ್‌ಟಿ, ಏಕೆಂದರೆ ರಾಜ್ಯಗಳ ನಡುವಿನ ಮಾರಾಟದ ತೆರಿಗೆಯನ್ನು 269ಎ ವಿಧಿ ಕೇಂದ್ರದ ಕೈಗೆ ಕೊಟ್ಟಿದೆ. ಒಟ್ಟು ಒಂದೇ ತಾನೆ ಅಂತ ಉದಾಸೀನ ಮಾಡಬೇಡ. ತಪ್ಪು ಖಾತೆಗೆ ಕಟ್ಟಿದರೆ ಸರಿಯಾದ ಖಾತೆಗೆ ಮತ್ತೆ ಅಷ್ಟನ್ನೂ ಕಟ್ಟಿ, ಮೊದಲಿನದಕ್ಕೆ ಅರ್ಜಿ ಹಾಕಿ ಕಾಯಬೇಕು. ಅಲ್ಲಿಯವರೆಗೆ ಸಿಕ್ಕಿಕೊಳ್ಳುವುದು ಹುಡುಗರ ಸಂಬಳದ ದುಡ್ಡು. ಸರಕು 50 ಸಾವಿರ ಮೀರಿದರೆ ಇ-ವೇ ಬಿಲ್ಲೂ ಬೇಕು, ಗಾಡಿ ಹೊರಡುವ ಮೊದಲೇ.

ಬಿಲ್ ಬರೆದ ಮೇಲೆ ನನಗೊಂದು ವಾಟ್ಸಾಪ್ ಹಾಕು, ನೋಡಿ ಹೇಳುತ್ತೇನೆ.