ಜನವರಿಯ ಮುಂಜಾವು ಮತ್ತು ಶಾಲೆಯ ಗಡಿಯಾರ

ಜನವರಿ ತಿಂಗಳ ಮೂರನೆಯ ವಾರದಲ್ಲಿ ಬೆಳಗಿನ ಆರೂಕಾಲು ಗಂಟೆಗೆ ರಾಣೆಬೆನ್ನೂರಿನ ಬಸ್ ನಿಲ್ದಾಣಕ್ಕೆ ಹೋದವರಿಗೆ ಬೀದಿಯ ದೀಪಗಳು ಇನ್ನೂ ಉರಿಯುತ್ತಿರುವುದು ಕಾಣುವುದು. ಹೆಗಲಿಗೆ ಚೀಲ ತೂಗುಹಾಕಿ, ಕಿವಿಗೆ ಮಫ್ಲರು ಸುತ್ತಿಕೊಂಡ ವಿದ್ಯಾರ್ಥಿಗಳು ದಾವಣಗೆರೆಯ ಕಡೆಗೋ ಹಾವೇರಿಯ ಕಡೆಗೋ ಹೋಗುವ ಬಸ್ಸನ್ನು ಕಾಯುತ್ತಿರುತ್ತಾರೆ. ಅದೇ ಹೊತ್ತಿಗೆ ಮೇಡ್ಲೇರಿ, ಹಲಗೇರಿ, ತುಮ್ಮಿನಕಟ್ಟಿಗಳ ರಸ್ತೆಯ ಬದಿಯಲ್ಲಿ ರಾಣೆಬೆನ್ನೂರಿಗೆ ಬರುವ ಬಸ್ಸಿಗಾಗಿ ಮಕ್ಕಳು ನಿಂತಿರುತ್ತಾರೆ. ಬೆಂಗಳೂರು, ಮುಂಬಯಿಗಳಂತಹ ಮಹಾನಗರಗಳಲ್ಲಿ ಶಾಲೆಯ ವಾಹನವು ಎಷ್ಟೋ ಮನೆಗಳ ಬಾಗಿಲಿಗೆ ಬರುವುದೂ ಹೆಚ್ಚುಕಡಿಮೆ ಈ ಹೊತ್ತಿಗೇ.

ಇಂತಹ ವಿದ್ಯಾರ್ಥಿಗಳಲ್ಲೊಬ್ಬನು ನಮ್ಮ ಬೆಳಗಿನ ತರಗತಿಗೆ ತಡವಾಗಿ ಬಂದು, ಕಾರಣ ಕೇಳಿದಾಗ ನಮ್ಮನ್ನೇ ಪ್ರಶ್ನಿಸಿದನು: “ಸಂಕ್ರಾಂತಿ ಮುಗೀತಲ್ರಿ ಸರ್, ಆದ್ರೂ ಬೆಳಕು ಯಾಕ ಲಗೂನ ಆಗವಲ್ದು?” ಸಂಕ್ರಾಂತಿಯಿಂದ ಹಗಲು ಬೆಳೆಯುತ್ತದೆಂಬುದು ಜನರ ನಂಬಿಕೆ. ವಾಸ್ತವವಾಗಿ ಹಗಲು ಬೆಳೆಯತೊಡಗುವುದು ಡಿಸೆಂಬರ್ ೨೨ರ ಸುಮಾರಿಗೇ. ಹೀಗಿದ್ದೂ ಸೂರ್ಯೋದಯವು ಇನ್ನೂ ಒಂದು ತಿಂಗಳ ಕಾಲ ತಡವಾಗುತ್ತಲೇ ಹೋಗುವುದೇಕೆ? ಪ್ರಶ್ನೆಯು ವಿಚಾರಾರ್ಹವಾದುದು.

ಮೊದಲು ಗಡಿಯಾರವನ್ನು ನೋಡೋಣ. ಭಾರತೀಯ ಪ್ರಮಾಣಕಾಲವು ೧೯೦೬ರಲ್ಲಿ ಜಾರಿಗೆ ಬಂದಿತು. ಅದು ಪೂರ್ವ ರೇಖಾಂಶ ೮೨.೫ ಡಿಗ್ರಿಯ ಕಾಲ. ರಾಣೆಬೆನ್ನೂರು ಸುಮಾರು ೭೫.೬ ಡಿಗ್ರಿಯಲ್ಲಿದೆ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದುದರಿಂದ ನಮ್ಮೂರಿನಲ್ಲಿ ಸೂರ್ಯನು ನೆತ್ತಿಯ ರೇಖೆಗೆ ಬರುವುದು ಸರಾಸರಿಯಲ್ಲಿ ೧೨ ಗಂಟೆಗಲ್ಲ, ೧೨ ಗಂಟೆ ೨೭ ನಿಮಿಷಕ್ಕೆ. ಈ ಕ್ಷಣವನ್ನು ನಿಜಮಧ್ಯಾಹ್ನವೆಂದು ಕರೆಯೋಣ. ಸೂರ್ಯೋದಯವಾಗುವುದು ಇದಕ್ಕೆ ಅರ್ಧ ಹಗಲಿನಷ್ಟು ಮೊದಲು.

ಆದರೆ ನಿಜಮಧ್ಯಾಹ್ನವೂ ಸ್ಥಿರವಾದುದಲ್ಲ. ಭೂಮಿಯು ತನ್ನ ಸುತ್ತ ತಿರುಗುತ್ತ ಸೂರ್ಯನನ್ನೂ ಸುತ್ತುತ್ತಿರುವುದರಿಂದ, ಒಂದು ಸುತ್ತು ಮುಗಿದ ಮೇಲೆ ಸೂರ್ಯನಿಗೆ ಮತ್ತೆ ಎದುರಾಗಲು ಅದು ಇನ್ನಷ್ಟು ತಿರುಗಬೇಕಾಗುವುದು. ಈ ಹೆಚ್ಚಿನ ಭಾಗವು ವರ್ಷವಿಡೀ ಒಂದೇ ಸಮನಾಗಿಲ್ಲ. ಜನವರಿಯ ಮೊದಲ ವಾರದಲ್ಲಿ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪದಲ್ಲಿದ್ದು ಹೆಚ್ಚು ವೇಗದಿಂದ ಚಲಿಸುವುದು. ಜೊತೆಗೆ, ಭೂಮಿಯ ಅಕ್ಷವು ಓರೆಯಾಗಿರುವ ಕಾರಣ ಆ ದಿನಗಳಲ್ಲಿ ಸೂರ್ಯನು ಆಕಾಶದಲ್ಲಿ ನೇರವಾಗಿ ಪೂರ್ವದಿಕ್ಕಿಗೇ ಸರಿಯುವಂತೆ ಕಾಣುವುದು. ಈ ಎರಡು ಕಾರಣಗಳೂ ಸೇರಿ ಡಿಸೆಂಬರ್ ಕೊನೆಯ ಭಾಗದಲ್ಲಿ ಒಂದು ನಿಜಮಧ್ಯಾಹ್ನದಿಂದ ಮತ್ತೊಂದಕ್ಕೆ ೨೪ ಗಂಟೆಗಳ ಮೇಲೆ ಸುಮಾರು ಅರ್ಧ ನಿಮಿಷ ಹಿಡಿಯುವುದು.

ಲೆಕ್ಕ ಮಾಡೋಣ. ರಾಣೆಬೆನ್ನೂರಿನಲ್ಲಿ ಡಿಸೆಂಬರ್ ೨೨ರಂದು ನಿಜಮಧ್ಯಾಹ್ನವು ಸುಮಾರು ೧೨-೨೬ಕ್ಕೆ. ಜನವರಿ ೨೨ರಂದು ೧೨-೩೯ಕ್ಕೆ. ಹದಿಮೂರು ನಿಮಿಷಗಳ ವಿಳಂಬ. ಇದೇ ಅವಧಿಯಲ್ಲಿ ಅರ್ಧ ಹಗಲು ಬೆಳೆದುದು ಕೇವಲ ನಾಲ್ಕು ನಿಮಿಷ. ಹದಿಮೂರರಲ್ಲಿ ನಾಲ್ಕು ಕಳೆದರೆ ಒಂಬತ್ತು. ೬-೪೮ಕ್ಕೆ ಆಗುತ್ತಿದ್ದ ಸೂರ್ಯೋದಯವು ೬-೫೭ಕ್ಕೆ ಹೋಗುವುದು. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವು ಇದೇ. ಹಗಲು ಬೆಳೆಯುವುದೇನೋ ನಿಜ. ಆದರೆ ಬೆಳೆದ ಹಗಲು ನಮಗೆ ಸಂಜೆಯಲ್ಲಿ ದೊರೆಯುತ್ತದೆ, ಬೆಳಿಗ್ಗೆ ದೊರೆಯುವುದಿಲ್ಲ.

ಅದೇ ಜನವರಿ ೨೨ರಂದು ಕೋಲ್ಕತ್ತದಲ್ಲಿ ಸೂರ್ಯನು ಸುಮಾರು ೬-೧೯ಕ್ಕೆ ಹುಟ್ಟುವನು; ಬೆಂಗಳೂರಿನಲ್ಲಿ ೬-೪೬ಕ್ಕೆ; ಮುಂಬಯಿಯಲ್ಲಿ ೭-೧೫ಕ್ಕೆ. ಗಡಿಯಾರ ಮಾತ್ರ ಎಲ್ಲೆಡೆಗೂ ಒಂದೇ.

ಇನ್ನು ಮಕ್ಕಳ ವಿಷಯಕ್ಕೆ ಬರೋಣ. ನಮ್ಮಲ್ಲಿ ಶಾಲೆಯ ವೇಳಾಪಟ್ಟಿಯು ಸಿದ್ಧವಾಗುವುದು ಜೂನ್ ತಿಂಗಳಿನ ಸುಮಾರಿಗೆ. ಆಗ ರಾಣೆಬೆನ್ನೂರಿನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯನು ಹುಟ್ಟಿರುತ್ತಾನೆ. ಆರೂಕಾಲಕ್ಕೆ ಹೊರಡುವ ಮಗುವಿಗೆ ಒಳ್ಳೆಯ ಬೆಳಕಿರುವುದು. ಅದೇ ವೇಳಾಪಟ್ಟಿಯು ಜನವರಿಯಲ್ಲಿಯೂ ನಡೆಯುವುದು. ಸೂರ್ಯನು ದಿಗಂತದಿಂದ ೬ ಡಿಗ್ರಿ ಕೆಳಗಿರುವಾಗಿನಿಂದ ದಾರಿ ಕಾಣುವಷ್ಟು ಬೆಳಕು ಬರುತ್ತದೆಂದು ಎಣಿಕೆ. ಜನವರಿಯಲ್ಲಿ ನಮ್ಮೂರಿಗೆ ಇದು ಸುಮಾರು ೬-೩೪. ಆರೂಕಾಲಕ್ಕೆ ಹೊರಟ ಮಗುವು ಕತ್ತಲೆಯಲ್ಲಿಯೇ ನಡೆಯಬೇಕು.

ಈ ಕತ್ತಲೆಯ ಅಪಾಯವೆಷ್ಟು? ರಾಣೆಬೆನ್ನೂರಿನ ಬಳಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಹಾದುಹೋಗುವುದು. ಗಂಟೆಗೆ ೬೦ ಕಿಲೋಮೀಟರ್ ವೇಗದ ವಾಹನವು ಸೆಕೆಂಡಿಗೆ ಸುಮಾರು ೧೬.೭ ಮೀಟರ್ ಚಲಿಸುವುದು. ಚಾಲಕನು ಮಗುವನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ, ಅಷ್ಟರಲ್ಲಿ ೨೫ ಮೀಟರ್ ಕಳೆಯುವುದು. ಅನಂತರ ವೇಗವು ಪ್ರತಿ ಸೆಕೆಂಡಿಗೆ ೫ ಮೀಟರ್‌ನಂತೆ ತಗ್ಗಿದರೂ, ನಿಲ್ಲಲು ಇನ್ನೂ ೨೮ ಮೀಟರ್ ಬೇಕು. ಒಟ್ಟು ೫೩ ಮೀಟರ್. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಡುಬಣ್ಣದ ಸಮವಸ್ತ್ರ ಧರಿಸಿದ ಮಗುವು ಅಷ್ಟು ದೂರದಿಂದ ಕಾಣುವುದೇ ಕಷ್ಟ. ವೇಗವು ೩೦ ಕಿಲೋಮೀಟರಿಗೆ ಇಳಿದರೆ ೨೦ ಮೀಟರ್‌ನೊಳಗೆ ವಾಹನವು ನಿಲ್ಲುವುದು. ವೇಗವು ಅರ್ಧವಾದಾಗ ಬ್ರೇಕಿನ ದೂರವು ನಾಲ್ಕನೆಯ ಒಂದು ಭಾಗವಾಗುವುದೆಂಬ ನಿಯಮವು ಇಲ್ಲಿ ಪ್ರಾಣರಕ್ಷಕವಾಗಿದೆ.

ನಿದ್ರೆಯ ಲೆಕ್ಕವೂ ಇದೆ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು. ಈ ವಯಸ್ಸಿನಲ್ಲಿ ದೇಹದ ಒಳಗಡಿಯಾರವು ಹಿಂದೆ ಬೀಳುವ ಕಾರಣ, ರಾತ್ರಿ ಬೇಗ ನಿದ್ರೆ ಬಾರದು; ಆ ಗಡಿಯಾರವನ್ನು ಸರಿಪಡಿಸುವುದು ಬೆಳಗಿನ ಬೆಳಕು. ಕತ್ತಲೆಯಲ್ಲಿ ಎದ್ದವನಿಗೆ ನಿದ್ರೆಯೂ ಇಲ್ಲ, ಬೆಳಕೂ ಇಲ್ಲ. ಇದನ್ನು ಮನಗಂಡು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ೨೦೨೨ರಿಂದ ಬಹುತೇಕ ಪ್ರೌಢಶಾಲೆಗಳು ಎಂಟೂವರೆಗೆ ಮೊದಲು ಆರಂಭವಾಗಬಾರದೆಂದು ವಿಧಿಸಿತು. ಮಹಾರಾಷ್ಟ್ರ ಸರ್ಕಾರವು ೨೦೨೪ರಲ್ಲಿ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಒಂಬತ್ತಕ್ಕೆ ಮೊದಲು ಶಾಲೆ ಬೇಡವೆಂದು ಸೂಚಿಸಿತು.

ನಮ್ಮಲ್ಲಿ ಇಷ್ಟು ದೊಡ್ಡ ಬದಲಾವಣೆಯೇ ಆಗಬೇಕೆಂದಿಲ್ಲ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಬೆಳಗಿನ ತರಗತಿಗಳನ್ನೂ ಅವಕ್ಕೆ ಹೊಂದುವ ಬಸ್ಸುಗಳನ್ನೂ ಅರ್ಧ ಗಂಟೆ ಮುಂದೂಡಿದರೆ, ಆರೂಕಾಲಕ್ಕೆ ಹೊರಡುವವನು ಆರೂಮುಕ್ಕಾಲಕ್ಕೆ, ಬೆಳಕಿನಲ್ಲಿ ಹೊರಡುವನು. ಅದಾಗುವವರೆಗೆ ಕೈಯಲ್ಲೊಂದು ಟಾರ್ಚು, ಚೀಲದ ಮೇಲೊಂದು ಹೊಳೆಯುವ ಪಟ್ಟಿ ಇರಲಿ. ಎದುರಿನಿಂದ ಬರುವ ವಾಹನಗಳು ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ.

ವಾಚಕರು ಈ ಲೆಕ್ಕವನ್ನು ತಾವೇ ಪರೀಕ್ಷಿಸಬಹುದು. ಶಾಲೆಯ ಅಂಗಳದಲ್ಲಿ ಒಂದು ನೇರವಾದ ಕೋಲನ್ನು ನೆಟ್ಟು, ಹನ್ನೆರಡರಿಂದ ಒಂದು ಗಂಟೆಯವರೆಗೆ ನಾಲ್ಕು ನಿಮಿಷಕ್ಕೊಮ್ಮೆ ಅದರ ನೆರಳನ್ನು ಅಳೆಯಿರಿ. ನೆರಳು ಅತ್ಯಂತ ಗಿಡ್ಡವಾಗುವ ಹೊತ್ತೇ ನಿಮ್ಮೂರಿನ ನಿಜಮಧ್ಯಾಹ್ನ. ರಾಣೆಬೆನ್ನೂರಿನಲ್ಲಿ ನವೆಂಬರ್ ಮೊದಲ ವಾರದಲ್ಲಿ ಅದು ೧೨-೧೧ರ ಸುಮಾರಿಗೆ, ಫೆಬ್ರುವರಿ ನಡುವಿನಲ್ಲಿ ೧೨-೪೨ರ ಸುಮಾರಿಗೆ ಬರುವುದು. ಅಳತೆಯನ್ನು ಬರೆದಿಟ್ಟು ನಿಮ್ಮ ಮುಖ್ಯೋಪಾಧ್ಯಾಯರಿಗೂ ತೋರಿಸಿರಿ. ಶಾಲೆಯ ಗಂಟೆ ಯಾವಾಗ ಬಾರಿಸಬೇಕೆಂಬ ಚರ್ಚೆಗೆ ಅದು ಒಳ್ಳೆಯ ಆರಂಭವಾದೀತು.