ಬದುವಿನ ಕತ್ತಾಳೆಯಿಂದ ನಾರು ಮತ್ತು ಹಗ್ಗ

ತುಮಕೂರು, ಚಿತ್ರದುರ್ಗ, ಕೋಲಾರ, ಬಳ್ಳಾರಿ ಮುಂತಾದ ಒಣ ಜಿಲ್ಲೆಗಳಲ್ಲಿ ಹೊಲದ ಬದು, ಬಂಡಿದಾರಿ, ರೈಲು ಹಳಿಯ ಪಕ್ಕಗಳಲ್ಲಿ ಕತ್ತಾಳೆ ಬೆಳೆದಿರುವುದನ್ನು ಕಾಣಬಹುದು. ನೀರು, ಗೊಬ್ಬರ ಕೇಳದ, ದನಕರು ಬಾಯಿ ಹಾಕದ ಈ ಗಿಡವನ್ನು ಅನೇಕ ರೈತರು ಬರೀ ಮುಳ್ಳೆಂದು ಎಣಿಸುತ್ತಾರೆ. ಬದು ಸರಿಪಡಿಸುವಾಗ ಬುಡಸಮೇತ ಕಿತ್ತು ಎಸೆಯುವುದೂ ಉಂಟು. ಅದೇ ಮನೆಗೆ ದನ ಕಟ್ಟಲು, ಹುಲ್ಲಿನ ಹೊರೆ ಬಿಗಿಯಲು ಪ್ಲಾಸ್ಟಿಕ್ ಹಗ್ಗ ಪೇಟೆಯಿಂದ ಬರುತ್ತದೆ.

ಹಿಂದೆ ಈ ಹಗ್ಗವನ್ನು ಹಳ್ಳಿಯಲ್ಲೇ ಹೊಸೆಯುತ್ತಿದ್ದರು. ಆ ಕೆಲಸ ಬಲ್ಲವರು ಇಂದು ಹೆಚ್ಚಾಗಿ ವಯಸ್ಸಾದವರು. ಗಿಡವನ್ನು ಮತ್ತೆ ನೆಟ್ಟು ಬೆಳೆಸಬಹುದು. ಆದರೆ ನಾರಿನ ಹದ, ಹುರಿಯ ಬಿಗಿ ಇವು ಕೈಯಿಂದ ಕೈಗೆ ಬರಬೇಕಾದ ವಿದ್ಯೆ. ಬಲ್ಲವರು ಇರುವಾಗಲೇ ಕಲಿತುಕೊಳ್ಳುವುದು ಒಳ್ಳೆಯದು.

ಗಿಡದ ಪರಿಚಯ

ಕತ್ತಾಳೆಯ ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಬದುಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳು ಕಾಣುತ್ತವೆ. ಎಲೆಯ ಅಂಚಿನುದ್ದಕ್ಕೂ ಕೊಕ್ಕೆಯಂಥ ಮುಳ್ಳುಗಳಿರುವುದು ಅಗೇವ್ ಅಮೆರಿಕಾನ. ಬಲಿತ ಎಲೆಯ ಅಂಚು ಹೆಚ್ಚುಕಡಿಮೆ ನುಣುಪಾಗಿದ್ದು, ತುದಿಯಲ್ಲಿ ಮಾತ್ರ ಗಟ್ಟಿ ಮುಳ್ಳಿರುವುದು ಅಗೇವ್ ಸಿಸಲಾನ. ಮೆಕ್ಸಿಕೋದ ಸಿಸಲ್ ಎಂಬ ಬಂದರಿನಿಂದ ಇದಕ್ಕೆ ಆ ಹೆಸರು ಬಂದಿದೆ. ನಾರಿಗೆ ಇದೇ ಉತ್ತಮ. ಲೋಳೆಸರವೂ ನೋಡಲು ಇದನ್ನೇ ಹೋಲುತ್ತದೆ. ಆದರೆ ಅದರ ಎಲೆಯಲ್ಲಿ ಹಗ್ಗಕ್ಕೆ ಬೇಕಾದ ನಾರು ಇಲ್ಲ.

ಕತ್ತಾಳೆ ತನ್ನ ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲಿನಲ್ಲಿ ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ಆದುದರಿಂದ ನೀರು ಆವಿಯಾಗುವುದು ಕಡಿಮೆ. ಬರಗಾಲದಲ್ಲೂ ಅದು ಹಸಿರಾಗಿರಲು ಇದೇ ಕಾರಣ. ಗಿಡ ತನ್ನ ಆಯುಷ್ಯದಲ್ಲಿ ಒಂದೇ ಸಲ ಎತ್ತರದ ಹೂಗಂಬ ಬಿಟ್ಟು ಸಾಯುತ್ತದೆ. ಬುಡದ ಮರಿಗಳಿಂದ ಹೊಸ ಗಿಡಗಳನ್ನು ಪಡೆಯಬಹುದು. ಸಿಸಲ್ ಜಾತಿಯ ಹೂಗಂಬದಲ್ಲೂ ಸಣ್ಣ ಮರಿಗಳು ಹೇರಳವಾಗಿ ಹುಟ್ಟುತ್ತವೆ.

ಎಲೆ ಕೊಯ್ಯುವುದು

ನೆಟ್ಟು ಸುಮಾರು ಮೂರು ವರ್ಷಗಳಾದ ಸಿಸಲ್ ಗಿಡದಿಂದ ಎಲೆ ಕೊಯ್ಯಬಹುದು. ಕೆಳಗೆ ಬಾಗಿದ ಬಲಿತ ಎಲೆಗಳನ್ನು ಮಾತ್ರ ತೆಗೆಯಬೇಕು. ನಡುವೆ ನೆಟ್ಟಗೆ ನಿಂತ ಎಲೆಗಳನ್ನು ಬಿಡಬೇಕು. ಎಲ್ಲವನ್ನೂ ಬೋಳಿಸಿದರೆ ಗಿಡ ಸೊರಗುತ್ತದೆ. ಮೊದಲು ತುದಿಮುಳ್ಳನ್ನು ಕತ್ತರಿಸಿ, ಆಮೇಲೆ ಎಲೆಗೆ ಕೈ ಹಾಕಬೇಕು.

ಎಚ್ಚರಿಕೆ: ಎಲೆಯ ರಸದಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿದ್ದು, ಮೈಗೆ ತಗಲಿದರೆ ತುರಿಕೆ, ಉರಿ ಉಂಟಾಗುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಧರಿಸಬೇಕು. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಮಕ್ಕಳನ್ನು ದೂರವಿಡಬೇಕು.

ನಾರು ಬಿಡಿಸುವ ಎರಡು ವಿಧಾನ

1. ಕೆರೆಯುವುದು: ಎಲೆಯನ್ನು ಉದ್ದಕ್ಕೆ ಸೀಳಿ, ಮರದ ಕೊಡತಿಯಿಂದ ಜಜ್ಜಬೇಕು. ಇಳಿಜಾರಾಗಿ ನಿಲ್ಲಿಸಿದ ಹಲಗೆಯ ಮೇಲಿಟ್ಟು ಮೊಂಡು ಕತ್ತಿಯಿಂದ ಒಂದೇ ದಿಕ್ಕಿಗೆ ಕೆರೆದರೆ ತಿರುಳು ಕಳಚಿ ನಾರು ಉಳಿಯುತ್ತದೆ. ಕತ್ತಿ ಹರಿತವಾಗಿದ್ದರೆ ನಾರು ತುಂಡಾಗುತ್ತದೆ. ಕೊಯ್ದ ದಿನವೇ ಕೆರೆದು ತೊಳೆದ ನಾರು ಬಿಳುಪಾಗಿ, ಗಟ್ಟಿಯಾಗಿರುತ್ತದೆ.

2. ಕೊಳೆಸುವುದು: ಜಜ್ಜಿದ ಎಲೆಗಳನ್ನು ಕಟ್ಟು ಕಟ್ಟಿ, ಮೇಲೆ ಕಲ್ಲು ಹೇರಿ, ನೀರಿನಲ್ಲಿ ಮುಳುಗಿಸಬೇಕು. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಿರುಳು ಕೊಳೆತು ಬಿಡುತ್ತದೆ; ಬಿಸಿಲುಗಾಲದಲ್ಲಿ ಬೇಗ. ಹತ್ತು ದಿನಗಳ ನಂತರ ಆಗಾಗ ಒಂದು ಎಲೆ ತೆಗೆದು ಪರೀಕ್ಷಿಸುತ್ತಿರಬೇಕು. ಹದ ಮೀರಿದರೆ ನಾರಿನ ಬಲ ಕುಗ್ಗುತ್ತದೆ. ಈ ನೀರು ದುರ್ವಾಸನೆಯಿಂದ ಕೂಡಿದ್ದು ಮೀನುಗಳಿಗೆ ಹಾನಿಕರ. ಊರ ಕೆರೆ, ದನ ಕುಡಿಯುವ ಕಟ್ಟೆಗಳಲ್ಲಿ ಎಂದಿಗೂ ಕೊಳೆಸಬಾರದು. ಪ್ರತ್ಯೇಕ ಗುಂಡಿ ತೋಡಿಕೊಳ್ಳಬೇಕು.

ಯಾವ ವಿಧಾನವಾದರೂ ನಾರನ್ನು ಚೆನ್ನಾಗಿ ತೊಳೆದು ಒಣಗಿಸಿ ಬಾಚಬೇಕು. 100 ಕಿಲೋ ಹಸಿ ಎಲೆಯಿಂದ ಸುಮಾರು 3ರಿಂದ 4 ಕಿಲೋ ಒಣ ನಾರು ಸಿಗುತ್ತದೆ. ಉಳಿದ ತಿರುಳನ್ನು ಗೊಬ್ಬರದ ಗುಂಡಿಗೆ ಸೇರಿಸಬಹುದು.

ಹಗ್ಗ ಹೊಸೆಯುವುದು

ನಾರಿಗೆ ಸ್ವಲ್ಪ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಸಮ ದಪ್ಪದ ಎರಡು ಅಥವಾ ಮೂರು ಎಳೆಗಳನ್ನು ಒಂದೊಂದಾಗಿ ಬಲಕ್ಕೆ ಹುರಿ ಮಾಡಿ, ಬಳಿಕ ಎಲ್ಲವನ್ನೂ ಸೇರಿಸಿ ಎಡಕ್ಕೆ ಹೊಸೆಯಬೇಕು. ಹಗ್ಗ ಬಿಚ್ಚದೆ ನಿಲ್ಲುವ ಗುಟ್ಟು ಇದೇ. ಪ್ರತಿ ಎಳೆಯೂ ತನ್ನ ಹುರಿ ಬಿಚ್ಚಿಕೊಳ್ಳಲು ಒಂದು ಕಡೆಗೆ ತಿರುಗುತ್ತದೆ. ಒಟ್ಟು ಹಗ್ಗ ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಎರಡೂ ಒಂದನ್ನೊಂದು ತಡೆಯುತ್ತವೆ. ಎರಡನ್ನೂ ಒಂದೇ ಕಡೆಗೆ ಹೊಸೆದರೆ ಕೈ ಬಿಟ್ಟೊಡನೆ ಹಗ್ಗ ಬಿಚ್ಚಿಹೋಗುತ್ತದೆ.

ಉದ್ದ ಹೆಚ್ಚಿಸಲು ಹೊಸ ನಾರನ್ನು ಸೇರಿಸುವಾಗ ಎಲ್ಲ ಎಳೆಗಳನ್ನೂ ಒಂದೇ ಕಡೆ ಸೇರಿಸಬಾರದು. ಅಲ್ಲಿ ಹಗ್ಗ ದುರ್ಬಲವಾಗುತ್ತದೆ. ಹೊಸೆದಂತೆ ಉದ್ದ ಕುಗ್ಗುವುದರಿಂದ, ಬೇಕಾದ ಅಳತೆಗಿಂತ ಸುಮಾರು ಮೂರರಲ್ಲಿ ಒಂದು ಭಾಗ ಹೆಚ್ಚು ಎಳೆ ಇಟ್ಟುಕೊಳ್ಳಬೇಕು.

ಉಪಯೋಗ ಮತ್ತು ಮಿತಿ

ನಾರಿನ ಹಗ್ಗ ಗಂಟು ಜಾರದೆ ನಿಲ್ಲುತ್ತದೆ. ಸವೆದು ಬಿದ್ದ ಹಗ್ಗ ಮಣ್ಣಿನಲ್ಲಿ ಕರಗುತ್ತದೆ. ಪ್ಲಾಸ್ಟಿಕ್ ಹಗ್ಗದ ಚೂರುಗಳು ಹೊಲದಲ್ಲೇ ಉಳಿಯುತ್ತವೆ, ಮೇವಿನೊಡನೆ ದನದ ಹೊಟ್ಟೆಯನ್ನೂ ಸೇರುತ್ತವೆ. ಆದರೆ ಸದಾ ನೆನೆಯುವ ಕಡೆ ಕತ್ತಾಳೆ ಹಗ್ಗ ಬೇಗ ಕೊಳೆಯುತ್ತದೆ. ಬಾವಿ ಕೆಲಸಕ್ಕೆ ನೈಲಾನ್ ಹಗ್ಗವೇ ಮೇಲು. ದನದ ಕುತ್ತಿಗೆಗೆ ಹಾಕುವ ಹಗ್ಗದ ಮೇಲಿನ ಒರಟು ನಾರನ್ನು ಉಜ್ಜಿ ತೆಗೆದು, ಬಟ್ಟೆ ಸುತ್ತುವುದು ಲೇಸು.

ಬದುವಿನ ಕತ್ತಾಳೆಯ ಬೇರು ಮಣ್ಣು ಹಿಡಿದಿಡುತ್ತದೆ, ಗಿಡ ಬೇಲಿಯಾಗುತ್ತದೆ. ಮರಿಗಳು ಹೊಲದೊಳಕ್ಕೆ ಹಬ್ಬದಂತೆ ವರ್ಷಕ್ಕೊಮ್ಮೆ ಕಿತ್ತು, ಬದುವಿನ ಖಾಲಿ ಜಾಗಗಳಲ್ಲಿ ನೆಡಬೇಕು. ಗೋಮಾಳ, ಕಾಡಿನಂಚುಗಳಲ್ಲಿ ನೆಡುವುದು ಬೇಡ.

ವಿಶ್ವಸಂಸ್ಥೆಯು 2009ನೇ ವರ್ಷವನ್ನು ಅಂತರರಾಷ್ಟ್ರೀಯ ನೈಸರ್ಗಿಕ ನಾರಿನ ವರ್ಷವೆಂದು ಆಚರಿಸಿತು. ಸಿಸಲ್ ಕೂಡ ಅಂಥ ನಾರುಗಳಲ್ಲಿ ಒಂದು. ಸುಗ್ಗಿ ಮುಗಿದ ಬಿಡುವಿನ ದಿನಗಳಲ್ಲಿ ಪ್ರತಿ ರೈತ ಕುಟುಂಬವೂ ತನ್ನ ಬದುವಿನ ಎಲೆಯಿಂದ ಒಂದು ಹಗ್ಗವನ್ನಾದರೂ ಮಾಡಿ ನೋಡಬಹುದು. ವಿಸ್ತರಣಾ ಕಾರ್ಯಕರ್ತರು ಊರಿನಲ್ಲಿ ಹಗ್ಗ ಹೊಸೆಯಬಲ್ಲ ಹಿರಿಯರನ್ನು ಗುರುತಿಸಿ, ಯುವಕ ಸಂಘ, ಮಹಿಳಾ ಸಂಘಗಳ ಸದಸ್ಯರಿಗೆ ಅವರಿಂದಲೇ ಪ್ರಾತ್ಯಕ್ಷಿಕೆ ಏರ್ಪಡಿಸಬೇಕು.