ಅಮರಾವತಿಯ ದಂಡೆಯಲ್ಲಿ ಒಂದು ಪಾಠ

ಭೂಪಟದಲ್ಲಿ ನದಿ ಒಂದು ನೀಲಿ ಗೆರೆ. ಅದರ ನಿಜವಾದ ರೂಪವನ್ನು ಕಾಣಬೇಕಾದರೆ ದಂಡೆಗೇ ಹೋಗಬೇಕು. ಈ ಉದ್ದೇಶದಿಂದ ನಾವು ಒಂಬತ್ತನೆಯ ತರಗತಿಯವರು ನವರಾತ್ರಿ ರಜೆಯಲ್ಲಿ ಗುರುಗಳೊಡನೆ ಧಾರಾಪುರಂಗೆ ಹೊರಸಂಚಾರ ಹೋಗಿದ್ದೆವು. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ನದಿಯ ಪರಿಚಯ

ಧಾರಾಪುರಂ ತಮಿಳುನಾಡಿನ ತಿರುಪ್ಪೂರು ಜಿಲ್ಲೆಯಲ್ಲಿ ಅಮರಾವತಿ ನದಿಯ ದಂಡೆಯ ಮೇಲಿದೆ. ಆನೆಮಲೆ ಮತ್ತು ಪಳನಿ ಬೆಟ್ಟಗಳ ಹಳ್ಳಗಳು ಕೂಡಿ ಈ ನದಿಯಾಗುತ್ತದೆ. ಉಡುಮಲೈಪೇಟೆಯ ದಕ್ಷಿಣಕ್ಕೆ, ಬೆಟ್ಟದ ಬುಡದಲ್ಲಿ, 1957ರಲ್ಲಿ ಇದಕ್ಕೆ ಅಣೆಕಟ್ಟು ಕಟ್ಟಲಾಯಿತು. ಮುಂದೆ ಕರೂರಿನ ಆಚೆ ಅಮರಾವತಿಯು ಕಾವೇರಿಯನ್ನು ಸೇರುತ್ತದೆ. ತಲಕಾವೇರಿಯಿಂದ ಬಂದ ನೀರೂ ಈ ನೀರೂ ಅಲ್ಲಿ ಒಂದಾಗುತ್ತವೆ.

ಮಳೆಯಿಲ್ಲದೆ ನೀರೆಲ್ಲಿಂದ?

ದಾರಿಯುದ್ದಕ್ಕೂ ಹೊಲಗಳು ಒಣಗಿದ್ದವು. ನದಿಯಲ್ಲಿ ಮಾತ್ರ ನೀರು ಹರಿಯುತ್ತಿತ್ತು. ಇದು ಹೇಗೆ ಎಂದು ಕೇಳಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈರುತ್ಯ ಮಾರುತದ ಮಳೆಯನ್ನು ಪಶ್ಚಿಮಘಟ್ಟಗಳು ತಡೆಯುತ್ತವೆ. ಧಾರಾಪುರಂ ಮಳೆಯ ಮರೆಯಲ್ಲಿದೆ. ಇಲ್ಲಿಯ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ್ದು. ಅಂದರೆ ನಾವು ಕಂಡದ್ದು ಬೆಟ್ಟದ ಮೇಲೆ ಬಿದ್ದ ಮಳೆ!

ದಂಡೆಯ ಜೀವಿಗಳು

ಶರತ್ಕಾಲದಲ್ಲಿ ಎಲೆ ಉದುರುತ್ತದೆಂದು ಇಂಗ್ಲಿಷ್ ಪಾಠದಲ್ಲಿ ಓದಿದ್ದೆವು. ಅದು ಚಳಿದೇಶಗಳ ಮಾತು. ಇಲ್ಲಿಯ ಬೇವು, ಹೊಂಗೆ, ಅರಳಿ ಮರಗಳು ಹಸಿರಾಗಿಯೇ ಇದ್ದವು. ನಮ್ಮ ಕಡೆ ಎಲೆ ಉದುರುವುದು ಶಿಶಿರದಲ್ಲಿ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳನ್ನು ಕಂಡೆವು. ಏರೋಪ್ಲೇನ್ ಚಿಟ್ಟೆಗಳು ನೀರಿಗೆ ಬಾಲ ತಾಗಿಸಿ ಮೊಟ್ಟೆಯಿಡುತ್ತಿದ್ದವು. ಅವುಗಳ ಮರಿಗಳು ನೀರಿನಲ್ಲೇ ಬೆಳೆದು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ.

ಮೇಲಿನವರು, ಕೆಳಗಿನವರು

ದಂಡೆಯಲ್ಲಿ ಪ್ಲಾಸ್ಟಿಕ್ ಚೀಲಗಳೂ ಬಿದ್ದಿದ್ದವು. ನೀರು ಮೇಲಿನವರಿಂದ ಬರುತ್ತದೆ. ನಾವು ಹಾಕಿದ ಕೊಳೆ ಕೆಳಗಿನವರಿಗೆ ಹೋಗುತ್ತದೆ. ಇದೇ ಜಿಲ್ಲೆಯ ನೊಯ್ಯಲ್ ನದಿ ಇದಕ್ಕೆ ಸಾಕ್ಷಿ. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕಿದ ಕೊಳೆನೀರು, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯದಲ್ಲಿ ತುಂಬಿತು. ರೈತರ ಹೊಲಗಳೂ ಬಾವಿಗಳೂ ಕೆಟ್ಟವು. 2011ರಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು.

ಕಾಪಾಡಿದರೆ ಫಲವೂ ಉಂಟು. ತಿರುಪ್ಪೂರಿನ ಬಳಿಯ ನಂಜರಾಯನ್ ಕೆರೆ 2022ರಲ್ಲಿ ಪಕ್ಷಿಧಾಮವಾಯಿತು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿಗೆ ಬರುತ್ತವೆ.

ಮಾಡಿ ನೋಡಿ

1. ನಿಮ್ಮ ಮನೆಯ ಬಚ್ಚಲ ನೀರು ಯಾವ ಹಳ್ಳವನ್ನು, ಯಾವ ನದಿಯನ್ನು ಸೇರುತ್ತದೆ? ತಂದೆತಾಯಿಗಳನ್ನು ಕೇಳಿ ನಕ್ಷೆ ಬರೆಯಿರಿ.

2. ಮನೆಯ ಹತ್ತಿರದ ಒಂದು ಮರ ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ, ಯಾವಾಗ ಚಿಗುರುತ್ತದೆ? ಒಂದು ವರ್ಷ ಗುರುತುಹಾಕಿಕೊಳ್ಳಿ.

3. ನಿಮ್ಮ ಊರಿನ ಕೆರೆಯನ್ನೋ ಹೊಳೆಯನ್ನೋ ಮಳೆಗೆ ಮುಂಚೆ ಒಮ್ಮೆ, ಮಳೆಯಾದ ಮೇಲೆ ಒಮ್ಮೆ ನೋಡಿ, ಕಂಡ ಹಕ್ಕಿಗಳ ಹೆಸರು ಬರೆದಿಡಿ.